ಈಜಿ ಟ್ರೆಕ್ ಅನ್ನೋ ದೊಡ್ಡ ಸುಳ್ಳು

ಶಿವರಾತ್ರಿ ಬಂತು ಅಂದ್ರೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅನ್ನೋದು ಊರಿನ ಮಾತು. ಬೆಂಗಳೂರಿನಲ್ಲಿ ಚಳಿ ಓಡಿಹೋಗ್ತಿದ್ದಂಗೇ ವಾಟ್ಸಾಪ್ ಗುಂಪುಗಳಲ್ಲಿ ಪೋಸ್ಟರುಗಳು ಬರೋಕೆ ಶುರುವಾಗ್ತವೆ. 'ಈ ವೀಕೆಂಡ್ ಬೆಟ್ಟದಲ್ಲಿ ಕಳೆದುಹೋಗೋಣ ಬನ್ನಿ'. 'ಬಿಗಿನರ್ ಫ್ರೆಂಡ್ಲಿ'. 'ಲೆವೆಲ್: ಈಜಿ'. ಶುಕ್ರವಾರ ರಾತ್ರಿ ಟಿಟಿ ಹತ್ತು, ಶನಿವಾರ ಬೆಳಗ್ಗೆ ಬೆಟ್ಟದ ಬುಡದಲ್ಲಿ ಇಡ್ಲಿ ತಿನ್ನು, ಭಾನುವಾರ ರಾತ್ರಿ ವಾಪಸ್ ಬಾ, ಸೋಮವಾರ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಹಾಜರಾಗು. ಎಲ್ಲ ಸೇರಿ ಇಷ್ಟು ರೂಪಾಯಿ, ಟೀ ಶರ್ಟ್ ಫ್ರೀ.

ನನ್ನ ತಕರಾರು ಟ್ರೆಕ್ಕಿಂಗ್ ಮೇಲಲ್ಲ. ವಾರವಿಡೀ ಸ್ಕ್ರೀನ್ ನೋಡಿ ಕಣ್ಣು ಕೆಂಪು ಮಾಡಿಕೊಂಡವರು ಎರಡು ದಿನ ಬೆಟ್ಟ ನೋಡಲಿ, ಬೇಡ ಅನ್ನೋಕೆ ನಾನ್ಯಾರು? ನನ್ನ ತಕರಾರು ಆ ಪೋಸ್ಟರಿನ ಎರಡು ಪದಗಳ ಮೇಲೆ. ಒಂದು 'ಈಜಿ'. ಇನ್ನೊಂದು 'ಕಳೆದುಹೋಗೋಣ'. ಮೊದಲನೆಯದನ್ನು ನಂಬಿ ಹೋದವರು ಎರಡನೆಯದನ್ನು ನಿಜ ಮಾಡಿ ತೋರಿಸ್ತಾರೆ. ಆಮೇಲೆ ಅವರನ್ನು ಹುಡುಕೋಕೆ ರಾತ್ರಿ ಟಾರ್ಚ್ ಹಿಡಿದು ಹೊರಡೋರು ಪೋಸ್ಟರ್ ಮಾಡಿದವರಲ್ಲ, ಬೆಟ್ಟದ ಬುಡದಲ್ಲಿರೋ ಊರಿನವರು.

ನಾನು ಅಂಥ ಒಂದು ಊರಿನವನು. ಪಶ್ಚಿಮ ಘಟ್ಟದ ಅಂಚಿನಲ್ಲಿ ಹುಟ್ಟಿ ಬೆಳೆದು, ಬಿಇ ಮುಗಿಸಿ ಬೆಂಗಳೂರಿಗೆ ಬಂದು ಹತ್ತು ಹನ್ನೆರಡು ವರ್ಷವಾಯ್ತು. ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತೆ. ಬೆಂಗಳೂರಿನವರು ಹೇಳೋದು: ಮಳೆಗಾಲದ ಕಾಡು ಅಪಾಯ, ಫೆಬ್ರವರಿ ಮಾರ್ಚಿನ ಕಾಡು ಸಲೀಸು. ಜಿಗಣೆ ಇಲ್ಲ, ಜಾರಿಕೆ ಇಲ್ಲ, ಹಳ್ಳ ತುಂಬಿ ಹರಿಯಲ್ಲ. ಊರಿನವರು ಹೇಳೋದು ಇದರ ಉಲ್ಟಾ. ಮಳೆಗಾಲದ ಕಾಡು ನಿಮ್ಮನ್ನು ಒಳಗೇ ಬಿಡಲ್ಲ. ಫಾಲ್ಗುಣದ ಕಾಡು ಒಳಗೆ ಬಿಡುತ್ತೆ, ಹೊರಗೆ ಬಿಡೋದಿಲ್ಲ. ನಾನು ಊರಿನವರ ಪಕ್ಷ. ಕಾಡು ಅತ್ಯಂತ ಸುಲಭವಾಗಿ ಕಾಣೋ ತಿಂಗಳುಗಳಲ್ಲೇ ದಾರಿ ಅತ್ಯಂತ ಸುಲಭವಾಗಿ ತಪ್ಪೋದು. ಸುಲಭ ಅಂತ ಕಾಣೋದರಿಂದಲೇ ನಾವು ತಯಾರಿ ಬಿಟ್ಟು ಹೋಗೋದು.

ಯಾಕೆ ಅಂತ ನೋಡೋಣ. ಕಾಡಿನ ದಾರಿ ಅಂದ್ರೆ ಏನು? ಡಾಂಬರಿಲ್ಲ, ಬಿಳಿ ಗೆರೆ ಇಲ್ಲ. ಕಾಲಿಗೆ ಸಿಕ್ಕಿ ಸವೆದ ಮಣ್ಣು, ಅಷ್ಟೇ. ಅಕ್ಕಪಕ್ಕ ಹಸಿರು, ನಡುವೆ ಬೋಳು ನೆಲ. ಈ ವ್ಯತ್ಯಾಸ ಕಾಣೋ ತನಕ ಅದು ದಾರಿ. ಜನವರಿ ಕಳೆದು ಮಾರ್ಚ್ ಬರೋಷ್ಟರಲ್ಲಿ ಎಲೆ ಉದುರಿಸೋ ಕಾಡಿನಲ್ಲಿ ತೇಗ, ಮತ್ತಿ, ಹೊನ್ನೆ, ನಂದಿ ಎಲ್ಲ ಬೋಳಾಗ್ತವೆ. ದೊಡ್ಡ ತೇಗದ ಎಲೆ ಅಂದ್ರೆ ನಿಮ್ಮ ಲ್ಯಾಪ್‌ಟಾಪ್‌ನಷ್ಟು ಅಗಲ. ದಾರಿಯ ಮೇಲೂ ಅದೇ ತರಗೆಲೆ, ದಾರಿಯಲ್ಲದ ಕಡೆಯೂ ಅದೇ ತರಗೆಲೆ. ಮಳೆಗಾಲದಲ್ಲಿ ಪೊದೆ ಬೆಳೆದು 'ಇಲ್ಲಿ ದಾರಿ ಇಲ್ಲ' ಅಂತ ತಡೀತಿತ್ತಲ್ಲ, ಅದೂ ಒಣಗಿ ಕೂತಿರುತ್ತೆ. ಎಲ್ಲಿ ಬೇಕಾದರೂ ಕಾಲಿಡಬಹುದು. ಹಾಗಾಗಿ ದಾರಿ ತಪ್ಪಿದ್ದು ತಪ್ಪಿದವರಿಗೆ ಗೊತ್ತಾಗೋದು ಅರ್ಧ ಗಂಟೆ ಕಳೆದ ಮೇಲೆ.

ನಿಜವಾದ ದಾರಿ ಮುಚ್ಚಿಹೋಗೋ ಹೊತ್ತಿಗೇ ಸುಳ್ಳು ದಾರಿಗಳು ತೆರೆದುಕೊಳ್ತವೆ. ಮೊದಲನೇದು ಒಣಹಳ್ಳ. ಮಳೆಗಾಲದಲ್ಲಿ ಅಬ್ಬರಿಸಿ ಹರಿದ ಹಳ್ಳ ಮಾರ್ಚಿಗೆ ಕಲ್ಲು, ಮರಳು ಹಾಸಿದ ಅಗಲವಾದ ಬೀದಿ ಥರ ಕಾಣುತ್ತೆ. ಮುಳ್ಳಿಲ್ಲ, ಪೊದೆ ಇಲ್ಲ, ಇಳಿಜಾರೂ ಹಿತವಾಗಿದೆ. ಸುಸ್ತಾದ ಕಾಲು ತಾನಾಗೇ ಅತ್ತ ತಿರುಗುತ್ತೆ. ಆದರೆ ಹಳ್ಳ ಕಡಿದಾದ ಜಾಗ ಬಂದ ಕೂಡಲೇ ಜಲಪಾತ ಆಗುತ್ತೆ. ನೀರು ಅಲ್ಲಿ ಧುಮುಕಬಲ್ಲದು, ನೀವು ಧುಮುಕಲಾರಿರಿ. ಒಣಗಿದ ಜಲಪಾತದ ತಲೆಯ ಮೇಲೆ ನಿಂತಾಗ ಹಿಂದೆ ಹತ್ತಿ ಹೋಗೋಕೆ ಕಾಲಲ್ಲಿ ಶಕ್ತಿ ಇರಲ್ಲ, ಕೆಳಗೆ ಇಳಿಯೋಕೆ ಕಾಲಿಡೋ ಜಾಗ ಇರಲ್ಲ.

ಎರಡನೇದು ದರಕಿನ ದಾರಿ. ನಮ್ಮ ಕಡೆ ಕೊಟ್ಟಿಗೆಗೆ ಹಾಸೋಕೆ ಕಾಡಿನಿಂದ ದರಕು, ಅಂದ್ರೆ ತರಗೆಲೆ, ಗುಡಿಸಿ ತರ್ತಾರೆ. ಅದರ ಕಾಲ ಇದೇ. ಗುಡಿಸಿದ ನೆಲ ಸ್ವಚ್ಛವಾಗಿ, ಬೋಳಾಗಿ ಥೇಟ್ ದಾರಿ ಥರ ಕಾಣುತ್ತೆ. ಆ ದಾರಿ ಮುಗಿಯೋದು ಗುಡಿಸಿದವರಿಗೆ ಹೊರೆ ಸಾಕು ಅನ್ನಿಸಿದ ಜಾಗದಲ್ಲಿ! ದನದ ದಾರಿಯದೂ ಇದೇ ಕಥೆ. ಅದು ನೆರಳಿಗೋ ನೀರಿಗೋ ಹೋಗಿ ನಿಲ್ಲುತ್ತೆ, ನಿಮ್ಮ ಟಿಟಿ ನಿಂತ ಜಾಗಕ್ಕೆ ಹೋಗಲ್ಲ.

ಮೂರನೇದು ಬೆಂಕಿ ರೇಖೆ. ಕಾಡ್ಗಿಚ್ಚು ಹರಡದ ಹಾಗೆ ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಕಾಡಿನ ನಡುವೆ ಪಟ್ಟಿ ಪಟ್ಟಿಯಾಗಿ ಹುಲ್ಲು, ಎಲೆ ಕೆತ್ತಿಸಿ, ಸುಡಿಸಿ, ನೆಲ ಬೋಳು ಮಾಡಿಸ್ತಾರೆ. ಅದು ಮನುಷ್ಯರು ನಡೆಯೋಕೆ ಮಾಡಿದ್ದಲ್ಲ, ಬೆಂಕಿ ನಡೆಯದೆ ಇರೋಕೆ ಮಾಡಿದ್ದು. ಊರಿನಿಂದ ಊರಿಗೆ ಹೋಗಬೇಕು ಅನ್ನೋ ಜವಾಬ್ದಾರಿ ಅದಕ್ಕಿಲ್ಲ. ಕಾಡಿನ ಬ್ಲಾಕುಗಳ ಗಡಿ ಹಿಡಿದು ಸುತ್ತುತ್ತೆ. ಆದರೆ ಇಡೀ ಕಾಡಿನಲ್ಲಿ ಅತ್ಯಂತ 'ಅಫಿಶಿಯಲ್' ಆಗಿ ಕಾಣೋ ದಾರಿ ಅದೇ. ಹೊಸಬರು ಅದನ್ನೇ ಹಿಡೀತಾರೆ.

ಹುಲ್ಲುಗಾವಲಿನ ಬೆಟ್ಟಗಳಲ್ಲಿ ಸಮಸ್ಯೆ ಬೇರೆ ರೂಪದ್ದು. ಕುದುರೆಮುಖ, ಪುಷ್ಪಗಿರಿಯ ಕಡೆ ಈ ಹೊತ್ತಿಗೆ ಹುಲ್ಲು ಹಳದಿಯಾಗಿ ಕೆಲವು ಕಡೆ ಎದೆಯೆತ್ತರ ನಿಂತಿರುತ್ತೆ. ಕಾಟಿಗಳು ತುಳಿದ ಜಾಡು ಯಾವುದು, ಮನುಷ್ಯರ ಜಾಡು ಯಾವುದು ಹೇಳೋದು ಕಷ್ಟ. ಜೊತೆಗೆ ಈ ಕಾಲದ ಮಬ್ಬು. ಆಕಾಶದಲ್ಲಿ ಮೋಡ ಇರಲ್ಲ ನಿಜ, ಆದರೆ ಧೂಳು, ಹೊಗೆ ಸೇರಿ ದೂರದ ಬೆಟ್ಟ ಕಾಣೋದಿಲ್ಲ. ಬೆಳಗ್ಗೆ ಗುರುತು ಇಟ್ಟುಕೊಂಡ ಎದುರುಗಡೆಯ ಶಿಖರ ಮಧ್ಯಾಹ್ನ ಮಾಯ.

ಇನ್ನೊಂದು ವಿಷಯ ನಮ್ಮ ಇಂಜಿನಿಯರುಗಳಿಗೆ ಬೇಗ ಅರ್ಥವಾಗಬೇಕು. ದಾರಿ ತಪ್ಪೋದು ಜಾಸ್ತಿ ಇಳಿಯೋವಾಗ. ಹತ್ತೋವಾಗ ಎಲ್ಲ ಏಣುಗಳೂ ಮೇಲೆ ಹೋಗಿ ಒಂದೇ ತುದಿಗೆ ಸೇರ್ತವೆ. ಇಳಿಯೋವಾಗ ಅದೇ ತುದಿಯಿಂದ ಹತ್ತಾರು ಏಣುಗಳು ಕವಲೊಡೀತವೆ. ಕಾಲೇಜಿನಲ್ಲಿ ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಟ್ರೀ ಬಿಡಿಸಿದ್ದು ನೆನಪಿದೆಯಾ? ಎಲೆಯಿಂದ ಬೇರಿಗೆ ಹೋಗೋಕೆ ಇರೋದು ಒಂದೇ ದಾರಿ, ತಪ್ಪೋಕೆ ಸಾಧ್ಯವೇ ಇಲ್ಲ. ಬೇರಿನಿಂದ ಒಂದು ನಿರ್ದಿಷ್ಟ ಎಲೆಗೆ ಬರಬೇಕಾದರೆ ಪ್ರತಿ ಕವಲಿನಲ್ಲೂ ಸರಿಯಾದ ನಿರ್ಧಾರ ಬೇಕು. ಬೆಟ್ಟವೂ ಹಾಗೇ. ದಾರಿಯಲ್ಲಿ ಐದು ಕವಲುಗಳಿವೆ ಅಂದ್ಕೊಳ್ಳಿ. ಒಂದೊಂದರಲ್ಲೂ ನಿಮ್ಮ ಅಂದಾಜು ನೂರಕ್ಕೆ 90 ಸರಿ ಅಂತಲೇ ಇಟ್ಟುಕೊಳ್ಳಿ. ಐದನ್ನೂ ಸರಿಯಾಗಿ ದಾಟೋ ಸಾಧ್ಯತೆ ನೂರಕ್ಕೆ 59 ಮಾತ್ರ. ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಅದೂ ಸುಸ್ತಾಗಿ, ಬಾಯಾರಿ, ಟಿಟಿ ಬಿಟ್ಟು ಹೋಗುತ್ತೇನೋ ಅನ್ನೋ ಅವಸರದಲ್ಲಿ ಚಿಮ್ಮಿದ ನಾಣ್ಯ.

'ಹೇಗೋ ನೇರ ನಡೀತಾ ಹೋದ್ರೆ ಎಲ್ಲೋ ಒಂದು ಕಡೆ ರಸ್ತೆ ಸಿಗುತ್ತೆ' ಅನ್ನೋರಿದ್ದಾರೆ. ಸಮಸ್ಯೆ ಏನಂದ್ರೆ ಮನುಷ್ಯ ನೇರ ನಡೆಯೋದೇ ಇಲ್ಲ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಜನರನ್ನು ಬೀನ್‌ವಾಲ್ಡ್ ಅನ್ನೋ ಕಾಡಿನಲ್ಲೂ ಟ್ಯುನೀಶಿಯಾದ ಮರುಭೂಮಿಯಲ್ಲೂ ನಡೆಸಿ, ಜಿಪಿಎಸ್ ಕಟ್ಟಿ ನೋಡಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯ್ತು. ಸೂರ್ಯ ಕಾಣ್ತಿದ್ದಾಗ ಕಾಡಿನಲ್ಲಿ ಜನ ಹೆಚ್ಚು ಕಡಿಮೆ ನೇರ ನಡೆದರು. ಮೋಡ ಮುಚ್ಚಿದ ದಿನ ಸುತ್ತು ಹಾಕಿದರು. ತಾವು ಆಗಲೇ ತುಳಿದ ಜಾಗವನ್ನೇ ಮತ್ತೆ ದಾಟಿದರೂ ಅವರಿಗೆ ಗೊತ್ತಾಗಲಿಲ್ಲ.

ನಮ್ಮ ಊರಲ್ಲಿ ಇದಕ್ಕೆ ಯಾವ ಜರ್ನಲ್ಲೂ ಬೇಕಿರಲಿಲ್ಲ. ಕಾಡಲ್ಲಿ ಒಂದು ಬಳ್ಳಿ ಇದೆ, ಅದನ್ನು ದಾಟಿದವರಿಗೆ ದಿಕ್ಕು ತಪ್ಪುತ್ತೆ, ಎಷ್ಟು ನಡೆದರೂ ಸುತ್ತಿ ಸುತ್ತಿ ಅಲ್ಲಿಗೇ ಬರ್ತಾರೆ ಅಂತ ಅಜ್ಜಿ ಹೇಳೋಳು. ಬಳ್ಳಿ ಸುಳ್ಳಿರಬಹುದು, ಸುತ್ತೋದು ಸುಳ್ಳಲ್ಲ. ಅಜ್ಜಿ ಹೇಳ್ತಿದ್ದ ಪರಿಹಾರ ಇನ್ನೂ ಚೆನ್ನಾಗಿತ್ತು: ಬಳ್ಳಿ ದಾಟಿದೆ ಅನ್ನಿಸಿದ ಕೂಡಲೇ ಅಲ್ಲೇ ಕೂತು ಎಲೆ ಅಡಿಕೆ ಹಾಕು, ಉಗಿದ ಮೇಲೇ ಏಳು. ಇವತ್ತು ಪರ್ವತ ರಕ್ಷಣಾ ತಂಡದವರು ಜಗತ್ತಿನಾದ್ಯಂತ ಕಲಿಸೋದೂ ಇದನ್ನೇ: ನಿಲ್ಲು, ಯೋಚಿಸು, ಸುತ್ತ ನೋಡು, ಆಮೇಲೆ ಹೆಜ್ಜೆ ಇಡು. ಎಲೆ ಅಡಿಕೆ ಒಂದನ್ನು ಬಿಟ್ಟಿದ್ದಾರೆ.

ಇನ್ನು ಬೆಳಕಿನ ಲೆಕ್ಕ. ಮಾರ್ಚ್ ಮಧ್ಯದಲ್ಲಿ ಘಟ್ಟದಲ್ಲಿ ಸೂರ್ಯ ಮುಳುಗೋದು ಆರೂವರೆ ಸುಮಾರಿಗೆ. ಯುರೋಪಿನ ಥರ ಗಂಟೆಗಟ್ಟಲೆ ಮುಸ್ಸಂಜೆ ನಮ್ಮಲ್ಲಿ ಇಲ್ಲ. ಸೂರ್ಯ ಮುಳುಗಿ 20–25 ನಿಮಿಷಕ್ಕೆ ಕತ್ತಲು. ಮರದ ಕೆಳಗೆ, ಕಣಿವೆಯ ಒಳಗೆ ಅದಕ್ಕೂ ಮೊದಲೇ ಕತ್ತಲು. ಈಗ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋ ಪರ್ವತಾರೋಹಿ 1892ರಲ್ಲೇ ಒಂದು ಸೂತ್ರ ಕೊಟ್ಟಿದ್ದಾನೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಮಾರಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಕಡೆಯಿಂದ ಹತ್ತೋದಾದರೆ ಏರಿಕೆಯೇ ಸುಮಾರು 1,600 ಮೀಟರ್, ದೂರ ಸುಮಾರು 12 ಕಿ.ಮೀ. ಅಂದ್ರೆ ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೂ ಹತ್ತೋಕೇ ಐದು ಗಂಟೆ. ವಾರಕ್ಕೊಮ್ಮೆ ಲಿಫ್ಟ್ ಕೆಟ್ಟಾಗ ಮಾತ್ರ ಮೆಟ್ಟಿಲು ಹತ್ತೋ ನಮಗೆ, ಮಾರ್ಚ್ ಬಿಸಿಲಿನಲ್ಲಿ, ಸೆಲ್ಫಿ ಸಮೇತ? ಒಂದೂವರೆ ಪಟ್ಟು ಹಾಕಿಕೊಳ್ಳಿ. ಹತ್ತು ಗಂಟೆಗೆ ಹತ್ತೋಕೆ ಶುರು ಮಾಡಿ ಅದೇ ದಿನ ಇಳೀತೀವಿ ಅನ್ನೋರು ಏನು ಲೆಕ್ಕ ಹಾಕಿರ್ತಾರೋ ನನಗಂತೂ ಅರ್ಥ ಆಗಲ್ಲ.

'ಫೋನ್ ಇದೆಯಲ್ಲ ಗುರೂ' ಅಂತೀರಿ. ಇದೆ. ಜಿಪಿಎಸ್ಸಿಗೆ ನೆಟ್‌ವರ್ಕ್ ಬೇಡ, ನಿಜ. ಆದರೆ ನಕ್ಷೆಗೆ ಬೇಕು. ಮೊದಲೇ ಡೌನ್‌ಲೋಡ್ ಮಾಡಿಕೊಳ್ಳದೆ ಹೋದ್ರೆ ಬೂದು ಬಣ್ಣದ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಕಾಣುತ್ತೆ. ನೀವು ಎಲ್ಲಿದ್ದೀರಿ ಅಂದ್ರೆ, ನೀಲಿ ಚುಕ್ಕೆ ಇರೋ ಕಡೆ ಇದ್ದೀರಿ. ಅಷ್ಟರಲ್ಲಿ ಫೋನು ಸಿಗದ ಟವರನ್ನು ಹುಡುಕಿ ಹುಡುಕಿ ಬ್ಯಾಟರಿ ಕುಡಿದು ಮುಗಿಸಿರುತ್ತೆ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಹತ್ತಿರ ಬಂಡೆಯಿಂದ ಜಾರಿ ಸಿಕ್ಕಿಕೊಂಡ ಹುಡುಗನೊಬ್ಬ ಫೋನಿನಲ್ಲೇ ಪೊಲೀಸರಿಗೆ ತನ್ನ ಜಾಗ ತಿಳಿಸಿದ, ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿಕೊಂಡಿತು. ಒಳ್ಳೇದೇ ಆಯ್ತು. ಆದರೆ ಅದು ಬೆಂಗಳೂರಿನ ಮಗ್ಗುಲಲ್ಲಿರೋ ನಂದಿ. ಅಲ್ಲಿ ಸಿಗ್ನಲ್ ಇದೆ, ಯಲಹಂಕ ಹತ್ತಿರ ಇದೆ. ಚಾರ್ಮಾಡಿಯ ಕಣಿವೆಯೊಳಗೆ ಇವೆರಡೂ ಇಲ್ಲ.

ದಾರಿ ತಪ್ಪೋದು ಈ ಕಾಲದಲ್ಲಿ ಯಾಕೆ ಇನ್ನೂ ದುಬಾರಿ ಅಂದ್ರೆ, ಬೆಂಕಿ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಬೆಟ್ಟ ಇಳೀತಿದ್ದ ಚಾರಣಿಗರನ್ನು ಕಾಡ್ಗಿಚ್ಚು ಸುತ್ತುವರಿಯಿತು. 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಮ್ಮ ಹಾಗೇ ಐಟಿ ಕಂಪನಿಗಳಲ್ಲಿ ಕೆಲಸ ಮಾಡ್ತಿದ್ದವರಿದ್ದರು, ನಮ್ಮ ಹಾಗೇ ವೀಕೆಂಡಿಗೆ ಬಂದವರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಎಷ್ಟು ಬೇಗ ಮೇಲೇರುತ್ತೆ ಅನ್ನೋದು ನೋಡಿದವರಿಗೆ ಮಾತ್ರ ಗೊತ್ತು. ಹಾಗಾಗಿಯೇ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಎಷ್ಟೋ ದಾರಿಗಳನ್ನು ಮುಚ್ಚೋದು. ಆಗ ನಮ್ಮವರು ಏನು ಮಾಡ್ತಾರೆ? 'ಗೇಟಿನ ಕಡೆಯಿಂದ ಬೇಡ, ಎಸ್ಟೇಟ್ ಕಡೆಯಿಂದ ಒಂದು ಸೀಕ್ರೆಟ್ ರೂಟ್ ಇದೆ' ಅನ್ನೋ ಆಯೋಜಕರನ್ನು ಹುಡುಕ್ತಾರೆ. ಕದ್ದು ಹೋದವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರಲ್ಲ. ಒಳಗೆ ಜನ ಇದ್ದಾರೆ ಅನ್ನೋದೇ ಗೊತ್ತಿಲ್ಲದೆ ಇದ್ದರೆ ಹುಡುಕೋರು ಯಾರು?

ಘಟ್ಟ ಬೇಡ, ಹಿಮಾಲಯಕ್ಕೇ ಹೋಗ್ತೀವಿ ಅನ್ನೋರಿಗೂ ಎರಡು ಮಾತು. ಮಾರ್ಚ್ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಕೇದಾರಕಂಠ, ಬ್ರಹ್ಮತಾಲ್ ಅಂತ ಉತ್ತರಾಖಂಡಕ್ಕೆ ಹೋಗೋರು ಕಮ್ಮಿ ಇಲ್ಲ. ನಮ್ಮಲ್ಲಿ ತರಗೆಲೆ ಮಾಡೋ ಕೆಲಸವನ್ನು ಅಲ್ಲಿ ಹಿಮ ಮಾಡುತ್ತೆ. ಕೆಳಗೆ ಹೂ ಅರಳಿರುತ್ತೆ, ಮೇಲೆ ದಾರಿಯೂ ಗುರುತಿನ ಕಲ್ಲೂ ಹಿಮದಡಿ. ಬೆಳಗ್ಗೆ ಗಟ್ಟಿಯಾಗಿ ಕಾಲು ಹೊತ್ತ ಹಿಮ ಮಧ್ಯಾಹ್ನದ ಬಿಸಿಲಿಗೆ ಮೊಣಕಾಲುದ್ದ ಕುಸಿಯುತ್ತೆ. ಬೆಳಗ್ಗೆ ಹಾರಿ ದಾಟಿದ ತೊರೆ ಕರಗಿದ ನೀರು ಸೇರಿ ಸಂಜೆಗೆ ಉಕ್ಕುತ್ತೆ. ಹಿಂದಿನ ದಿನದ ಹೆಜ್ಜೆ ಗುರುತು ಹಿಡಿದು ಹೋಗೋಣ ಅಂದ್ರೆ, ಆ ಹೆಜ್ಜೆ ಸರಿಯಾದ ದಾರಿಯಲ್ಲಿ ಹೋದವರದ್ದೋ ದಾರಿ ತಪ್ಪಿದವರದ್ದೋ ಹಿಮ ಹೇಳೋದಿಲ್ಲ. ಪರ್ವತಕ್ಕೆ ನಮ್ಮ ಕ್ಯಾಲೆಂಡರ್ ಗೊತ್ತಿಲ್ಲ. 2024ರ ಜೂನಿನಲ್ಲಿ, ನಮ್ಮ ಲೆಕ್ಕದಲ್ಲಿ ಬೇಸಿಗೆ ಮುಗಿದ ಮೇಲೆ, ಸಹಸ್ರತಾಲ್ ದಾರಿಯಲ್ಲಿ ಹವಾಮಾನ ಕೆಟ್ಟು ಕರ್ನಾಟಕದ 22 ಜನರ ತಂಡದಲ್ಲಿ 9 ಮಂದಿ ತೀರಿಕೊಂಡರು. ಅವರಲ್ಲಿ ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಿಗಳಿದ್ದರು. ಅವರಿಗೇ ಹಾಗಾಯ್ತು ಅಂದ ಮೇಲೆ 'ಈಜಿ' ಅನ್ನೋ ಪದವನ್ನು ನಾವು ಯಾವ ಧೈರ್ಯದಲ್ಲಿ ಬಳಸೋದು?

ಈಗ ನನ್ನ ನಿಜವಾದ ಸಿಟ್ಟಿಗೆ ಬರ್ತೀನಿ. ಎರಡು ವರ್ಷದ ಹಿಂದೆ ಕಾಳುಮೆಣಸು ಕೊಯ್ಲಿನ ಹೊತ್ತಿನಲ್ಲಿ ನಮ್ಮೂರ ಮೇಲಿನ ಬೆಟ್ಟದಲ್ಲಿ ಇಬ್ಬರು ಹುಡುಗರು ಇಳೀತಾ ತಪ್ಪಿಸಿಕೊಂಡರು. ಕರೆತಂದವರಿಗೆ ಅದು ಗೊತ್ತಾಗಿದ್ದು ರಾತ್ರಿ ಎಂಟಕ್ಕೆ, ಗಾಡಿಯಲ್ಲಿ ತಲೆ ಎಣಿಸಿದಾಗ. ಅವರ ಹತ್ತಿರ ಹೆಸರು, ಫೋನ್ ನಂಬರ್ ಬಿಟ್ಟು ಏನೂ ಇಲ್ಲ. ಯಾವ ಬಣ್ಣದ ಅಂಗಿ, ಕೊನೆಗೆ ಯಾರು ಎಲ್ಲಿ ನೋಡಿದ್ದು, ನೀರಿತ್ತಾ, ಟಾರ್ಚ್ ಇತ್ತಾ, ಒಂದೂ ಗೊತ್ತಿಲ್ಲ. ಊರಿನ ಹನ್ನೊಂದು ಜನ, ಇಬ್ಬರು ಅರಣ್ಯ ವಾಚರುಗಳು ಬೆಳಗಿನ ತನಕ ಹುಡುಕಿದರು. ಆನೆ ಓಡಾಡೋ ಜಾಗ, ಅದೂ ನೀರಿಗೆ ಹಳ್ಳದ ಗುಂಡಿಗಳ ಹತ್ತಿರವೇ ಬರೋ ಕಾಲ. ಬೆಳಗ್ಗೆ ಏಳಕ್ಕೆ ಒಣಹಳ್ಳದಲ್ಲಿ ಹುಡುಗರು ಸಿಕ್ಕರು, ಪುಣ್ಯಕ್ಕೆ ಗೀರುಗಾಯ ಅಷ್ಟೇ. ಕರೆತಂದವರು ಥ್ಯಾಂಕ್ಸ್ ಹೇಳಿ ಹೋದರು. ಹನ್ನೊಂದು ಜನರ ಮಾರನೇ ದಿನದ ಕೂಲಿ ಹೋಯ್ತು. ಅದರ ಮುಂದಿನ ವಾರ ಅದೇ ಬೆಟ್ಟಕ್ಕೆ ಅವರದೇ ಪೋಸ್ಟರ್ ನನ್ನ ಫೋನಿಗೆ ಬಂತು. 'ಈಜಿ' ಅಂತಲೇ ಇತ್ತು.

'ನಮ್ಮ ರಿಸ್ಕು, ನಮ್ಮ ದುಡ್ಡು, ನಿಮಗೇನು?' ಅನ್ನೋರಿಗೆ ಇದೇ ಉತ್ತರ. ರಿಸ್ಕ್ ನಿಮ್ಮೊಬ್ಬರದಲ್ಲ. ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ಸರ್ವರ್ ಬಿದ್ದರೆ ಯಾರು ಎದ್ದು ಕೂರಬೇಕು ಅಂತ ಪಟ್ಟಿ ಇರುತ್ತೆ, ಅವರಿಗೆ ಅದಕ್ಕೆ ಸಂಬಳ ಇರುತ್ತೆ. ಬೆಟ್ಟದ ಬುಡದ ಊರಿನವರನ್ನು ಯಾರೂ ಕೇಳದೆ ನಿಮ್ಮ ಆನ್ ಕಾಲ್ ಪಟ್ಟಿಗೆ ಸೇರಿಸಿದ್ದೀರಿ.

'ಗೈಡ್ ಇದ್ದಾರಲ್ಲ' ಅನ್ನೋದು ಇನ್ನೊಂದು ಸಮಾಧಾನ. 40 ಜನರ ಗುಂಪಿಗೆ ಮುಂದೊಬ್ಬ, ಅವನೂ ಬೆಂಗಳೂರಿನವನೇ, ಕಳೆದ ವರ್ಷ ಇದೇ ಗುಂಪಿನಲ್ಲಿ ಟ್ರೆಕ್ ಬಂದವನು. ಇದಕ್ಕೆ ಗೈಡ್ ಅನ್ನೋಲ್ಲ, ಸೀನಿಯರ್ ಅಂತಾರೆ. 'ಅಷ್ಟೊಂದು ಜನ ಇರ್ತಾರೆ, ದಾರಿ ತಪ್ಪೋದು ಹೇಗೆ?' ಅನ್ನೋದು ಮೂರನೇದು. 2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಜಾತ್ರೆ ಥರ ಸಾಲುಗಟ್ಟಿದ ಜನರ ವಿಡಿಯೋ ನೀವೂ ನೋಡಿರ್ತೀರಿ. ಅದಾದ ಮೇಲೆಯೇ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡೋಕೆ ಹೊರಟಿದ್ದು. ಗುಂಪಿನಲ್ಲಿ ಹೋಗೋರು ದಾರಿ ನೋಡಲ್ಲ, ಮುಂದಿನವರ ಬ್ಯಾಗ್ ನೋಡ್ತಾರೆ. ಗುಂಪು ಚದುರಿದ ಕ್ಷಣ ಅವರಿಗೆ ಒಂದು ಗುರುತೂ ನೆನಪಿರಲ್ಲ.

ಸರಿ, ಬೈದದ್ದು ಸಾಕು. ಹೋಗೋದಾದರೆ ಹೇಗೆ ಹೋಗಬೇಕು ಹೇಳ್ತೀನಿ.

ಹೊರಡೋ ಮುಂಚೆ ಅನುಮತಿ ಇದೆಯಾ ನೋಡಿ. ಇಲ್ಲದಿದ್ದರೆ ಹೋಗಬೇಡಿ, ಚರ್ಚೆ ಮುಗೀತು. ಇದ್ದರೆ ಆಯೋಜಕರಿಗೆ ಮೂರು ಪ್ರಶ್ನೆ ಕೇಳಿ. ಎಲ್ಲರಿಗಿಂತ ಕೊನೆಯಲ್ಲಿ ನಡೆಯೋರು ಯಾರು? ಎಷ್ಟು ಗಂಟೆಗೆ, ತುದಿ ಮುಟ್ಟಲಿ ಬಿಡಲಿ, ವಾಪಸ್ ತಿರುಗ್ತೀವಿ? ಸ್ಥಳೀಯ ಗೈಡ್ ಯಾವ ಊರಿನವರು? ಮೂರಕ್ಕೂ ತಟ್ಟನೆ ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ.

ಊರಿನಲ್ಲಿ ಉಳಿಯೋ ಒಬ್ಬರಿಗೆ, ಅಮ್ಮನಿಗೋ ರೂಮ್‌ಮೇಟಿಗೋ, ನಾಲ್ಕು ಸಾಲು ಬರೆದು ಕಳಿಸಿ: ಯಾವ ಬೆಟ್ಟ, ಯಾವ ಕಡೆಯಿಂದ ಹತ್ತಿ ಯಾವ ಕಡೆ ಇಳಿಯೋದು, ಯಾರ ಜೊತೆ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು. ಹುಡುಕಾಟ ಎಷ್ಟು ಬೇಗ ಶುರುವಾಗುತ್ತೆ ಅನ್ನೋದು ಈ ನಾಲ್ಕು ಸಾಲಿನ ಮೇಲೆ ನಿಂತಿದೆ.

ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೆರೆದು ಪರೀಕ್ಷೆ ಮಾಡಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳನ್ನು ಅವರ ಜಾಲತಾಣದಿಂದ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಅದರಲ್ಲಿ ಏಣು ಯಾವುದು, ಹಳ್ಳ ಯಾವುದು ಗುರುತಿಸೋದನ್ನು ಒಂದು ಸಂಜೆ ಕೂತು ಕಲಿಯಿರಿ. ಜಾವಾ ಕಲಿತವರಿಗೆ ಇದು ಕಷ್ಟ ಅಲ್ಲ. ಒಂದು ಎಚ್ಚರಿಕೆ: ಅಮೆರಿಕದ ಗೆಳೆಯನ ಕೈಲಿ ಸ್ಯಾಟಲೈಟ್ ಮೆಸೆಂಜರ್ ತರಿಸೋ ಯೋಚನೆ ಬೇಡ. ಪರವಾನಗಿ ಇಲ್ಲದೆ ಅದನ್ನು ಇಲ್ಲಿ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ.

ನೀರು ತಲಾ ನಾಲ್ಕು ಲೀಟರ್. ನಕ್ಷೆಯಲ್ಲಿ ನೀಲಿ ಗೆರೆ ಇದೆ ಅಂತ ನಂಬಬೇಡಿ, ಮಾರ್ಚಿನಲ್ಲಿ ಆ ಗೆರೆ ಒಣಗಿರುತ್ತೆ. ಹಗಲಿನ ಟ್ರೆಕ್ಕಾದರೂ ಹೆಡ್ ಟಾರ್ಚ್ ಇರಲಿ. ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ, ಅದು ಫೋನಿನ ಬ್ಯಾಟರಿ ತಿನ್ನುತ್ತೆ. ಸೀಟಿ, ಪವರ್ ಬ್ಯಾಂಕ್, ಒಂದು ಬೆಚ್ಚನೆ ಅಂಗಿ. ಹಗಲು ಸುಡೋ ಬೆಟ್ಟದ ಏಣು ರಾತ್ರಿ ನಡುಗಿಸುತ್ತೆ. ಬೆಂಕಿಪೊಟ್ಟಣ ಮಾತ್ರ ಬೇಡ. ಈ ಕಾಲದಲ್ಲಿ ನಿಮ್ಮ ಕ್ಯಾಂಪ್‌ಫೈರ್ ಆಸೆಗೆ ಒಂದು ಬೆಟ್ಟವೇ ಹೋಗಬಹುದು.

ನಡೆಯೋವಾಗ ಪ್ರತಿ ಕವಲಿನಲ್ಲೂ ಹಿಂದೆ ತಿರುಗಿ ನೋಡಿ, ಒಂದು ಫೋಟೋ ತೆಗೆಯಿರಿ. ಹತ್ತೋವಾಗ ಕಂಡ ಕವಲು ಇಳಿಯೋವಾಗ ಬೇರೆಯೇ ಥರ ಕಾಣುತ್ತೆ, ಆ ನೋಟವನ್ನು ಈಗಲೇ ಹಿಡಿದಿಟ್ಟುಕೊಳ್ಳಬೇಕು. ಸೆಲ್ಫಿ ಒಂದು ಕಮ್ಮಿಯಾದರೆ ನಷ್ಟವಿಲ್ಲ. ಇಳಿಯೋವಾಗ ಹತ್ತು ನಿಮಿಷ ನಡೆದರೂ ಪರಿಚಯದ ಗುರುತು ಒಂದೂ ಸಿಗಲಿಲ್ಲ ಅಂದ್ರೆ ಅದೇ ಸೂಚನೆ.

ಆಗ ಮೊದಲ ಕೆಲಸ, ಕೂತುಕೊಳ್ಳೋದು. ಅಜ್ಜಿಯ ಎಲೆ ಅಡಿಕೆ ಇಲ್ಲದಿದ್ದರೆ ಚಿಕ್ಕಿ ತಿನ್ನಿ. ಬಂದ ದಾರಿ ಸ್ಪಷ್ಟವಾಗಿ ಗೊತ್ತಿದ್ದರೆ ಕೊನೆಯ ಖಚಿತ ಜಾಗಕ್ಕೆ ವಾಪಸ್ ಹೋಗಿ, ಎಷ್ಟೇ ಬೇಜಾರಾದರೂ. ಗೊತ್ತಿಲ್ಲದಿದ್ದರೆ ಅಲ್ಲೇ ಇರಿ. ಹಳ್ಳ ಹಿಡಿದು ಇಳಿಯಬೇಡಿ. 112ಕ್ಕೆ ಪ್ರಯತ್ನಿಸಿ. ಕರೆ ಹೋಗದಿದ್ದರೆ ಜಿಪಿಎಸ್ ಅಂಕಿಗಳನ್ನು ಗೆಳೆಯರಿಗೆ ಎಸ್ಸೆಮ್ಮೆಸ್ ಮಾಡಿ. ಕರೆಗೆ ಸಾಲದ ಸಿಗ್ನಲ್ಲಿನಲ್ಲೂ ಎಷ್ಟೋ ಸಲ ಮೆಸೇಜ್ ದಾಟುತ್ತೆ. ಸೀಟಿ ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಊದಿ. ಹೊಗೆ ಕಂಡರೆ ಒಣಹುಲ್ಲಿನ ಏರಿನಲ್ಲಿ ಮೇಲಕ್ಕೆ ಓಡಬೇಡಿ, ಕೊರಕಲಿನೊಳಗೂ ಇಳಿಯಬೇಡಿ. ಬೆಂಕಿ ಅಲ್ಲೆಲ್ಲ ನಿಮಗಿಂತ ವೇಗ. ಬೋಳು ಬಂಡೆ ಅಥವಾ ಆಗಲೇ ಸುಟ್ಟು ಕರ್ರಗಾಗಿ ತಣ್ಣಗಾದ ನೆಲ ಹುಡುಕಿ. ಸುಟ್ಟ ಹುಲ್ಲು ಮತ್ತೆ ಸುಡೋದಿಲ್ಲ.

ಕೊನೇದು, ಇದಕ್ಕೆ ಖರ್ಚೇ ಇಲ್ಲ. ಇಳಿದು ಬಂದ ಮೇಲೆ ಗೇಟಿನಲ್ಲಿ ವಾಚರ್ ಹತ್ತಿರ ನಿಮ್ಮ ಹೆಸರಿನ ಮುಂದೆ 'ಬಂದರು' ಅಂತ ಬರೆಸಿಯೇ ಗಾಡಿ ಹತ್ತಿ. ಬೇರೆ ಕಡೆಯಿಂದ ಇಳಿದರೆ ಒಂದು ಫೋನ್ ಮಾಡಿ. ನೀವು ಬಸ್ಸಿನಲ್ಲಿ ನಿದ್ದೆ ಹೊಡೀತಾ ಹಾಸನ ದಾಟಿರ್ತೀರಿ, ಇಲ್ಲಿ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದಿನ ಜಾಗ ಖಾಲಿ ಇದೆ ಅಂತ ಆ ಮನುಷ್ಯ ಟಾರ್ಚಿಗೆ ಸೆಲ್ ಹಾಕ್ತಿರ್ತಾನೆ. ಅವನಿಗೂ ಮನೆಯಲ್ಲಿ ಕಾಯೋರಿದ್ದಾರೆ.